ಪದಚರ್ಚೆ: ಹೌಸಾ ಹೊಗಳಿಕೆಯ ಸಲಗ, ಚಿರತೆ, ಕತ್ತೆಕಿರುಬ. ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಕೂತೆ. ಬರೀತಾ ಬರೀತಾ ಉದ್ದವಾಯಿತು. ಪುರುಸೊತ್ತಿದ್ದಾಗ ಓದಿ.

ನನ್ನ ಸೋದರಮಾವ 1978ರಿಂದ ಆರು ವರ್ಷ ನೈಜೀರಿಯಾದ ಕಾನೊದಲ್ಲಿ ಗಣಿತದ ಮೇಷ್ಟ್ರಾಗಿದ್ದರು. 1976ರಲ್ಲಿ ಅಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂಬ ಯೋಜನೆ ಬಂದಿತ್ತು, ಮೇಷ್ಟ್ರುಗಳು ಸಾಲುತ್ತಿರಲಿಲ್ಲ. ಆ ಕಾಲದಲ್ಲಿ ನಮ್ಮ ದೇಶದಿಂದ ತುಂಬಾ ಜನ ಹೋದರು. ಮಾವ ವಾಪಸ್ ಬರುವಾಗ ಒಂದು ತೊಗಲಿನ ಚೀಲ, ಕೆಲವು ಕ್ಯಾಸೆಟ್ಟು, ಒಂದು ನೋಟ್‌ಬುಕ್ ತಂದರು. ನೋಟ್‌ಬುಕ್ಕಿನ ತುಂಬ ಬೀದಿಯಲ್ಲಿ, ಹಬ್ಬದಲ್ಲಿ ಕೇಳಿಸಿಕೊಂಡ, ಅಲ್ಲಿನ ಹೌಸಾ ಭಾಷೆಯ ಹೊಗಳಿಕೆಯ ಮಾತುಗಳು, ಎಲ್ಲಾ ಕನ್ನಡ ಲಿಪಿಯಲ್ಲಿ. ಈ ವರ್ಷ ಅವರಿಗೆ ಎಂಬತ್ತು ತುಂಬುತ್ತದೆ. ಅದನ್ನು ಕನ್ನಡ ಮಾಡಿ ಪುಟ್ಟ ಪುಸ್ತಿಕೆ ಹಾಕಿಸಿ ಮನೆಯವರಿಗೆ ಹಂಚೋಣ ಅಂತ ಹೊರಟೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲ ಪುಟದಲ್ಲಿ ಎರಡು ಕಡೆ ‘ಜಾಕಿ’ ಅಂತಿದೆ. ಒಂದರ ಮುಂದೆ ‘ಸಿಂಹ’ ಅಂತ ಬರೆದಿದ್ದಾರೆ, ಇನ್ನೊಂದರ ಮುಂದೆ ‘ಸಿಹಿ’. ಮಾವ ತಪ್ಪು ಬರೆದರಾ ಅಂದುಕೊಂಡೆ. ಇಲ್ಲ. ಎರಡೂ ಸರಿ. ಹೌಸಾದಲ್ಲಿ ಎರಡು ಥರದ ‘ಕ’ ಇವೆ. ಒಂದು ನಮ್ಮದೇ ಕ. ಇನ್ನೊಂದು ಗಂಟಲಲ್ಲಿ ಉಸಿರು ತಡೆದು ಚಿಟಕೆ ಹೊಡೆದ ಹಾಗೆ ಬಿಡುವ ಕ. ಮೊದಲನೆಯದು ಹಾಕಿದರೆ ಸಿಂಹ, ಎರಡನೆಯದು ಹಾಕಿದರೆ ಸಿಹಿ. ಸ್ವರದ ಏರಿಳಿತವೂ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಇನ್ನು ಅಲ್ಲಿನ ‘ಜ’ ನಮ್ಮ ಜ ಅಲ್ಲ, ಉರ್ದುವಿನ ‘ಜ಼ಮೀನು’ ಇದೆಯಲ್ಲ, ಆ ಜ಼. ಸುಮ್ನೆ ‘ಜಾಕಿ’ ಅಂತ ಬರೆದರೆ ಕನ್ನಡದವರಿಗೆ ರೇಸ್ ಕುದುರೆ ಓಡಿಸುವವನು ಕಣ್ಣಿಗೆ ಬರುತ್ತಾನೆ. ಹಾಗಾಗಿ ನಾನು ಚುಕ್ಕಿ ಇಟ್ಟು ‘ಜ಼ಾಕಿ’ ಅಂತ ಬರೆಯುತ್ತಿದ್ದೇನೆ. ಗಂಟಲ ಕ-ಕ್ಕೆ ಏನು ಗುರುತು ಇಡೋಣ ಅನ್ನೋದು ನನ್ನ ಮೊದಲ ಸಣ್ಣ ಪ್ರಶ್ನೆ. ಅಚ್ಚಿನ ಕೆಲಸ ಗೊತ್ತಿರುವವರು ಹೇಳಿ.

ಈಗ ಅಸಲು ವಿಷಯ. ಹೌಸಾ ಉತ್ತರ ನೈಜೀರಿಯಾ, ದಕ್ಷಿಣ ನೈಜರ್ ಕಡೆಯ ಮಾತು. ಅರಬ್ಬಿ, ಹೀಬ್ರೂ, ಅಮ್ಹಾರಿಕ್ ಇವುಗಳ ದೂರದ ನಂಟು. ಅಲ್ಲಿ ಹೊಗಳುವುದು ಒಂದು ಕಸುಬು. ಹೊಗಳುವವನು ‘ಮರೋಕಿ’. ಅವನು ಕೂಗುವ ಚಿಕ್ಕ ಚಿಕ್ಕ ಹೊಗಳಿಕೆಯ ತುಣುಕು ‘ಕಿರಾರಿ’. ಅದೇ ತುಣುಕನ್ನು ಡೋಲಿನಲ್ಲಿ ನುಡಿಸಿದರೆ ‘ತಾಕೆ’. ಆ ಭಾಷೆಯಲ್ಲಿ ಪದದ ಏರಿಳಿತವೂ ಅರ್ಥದ ಭಾಗ. ಕಲಂಗು ಅಂತ ಒಂದು ವಾದ್ಯವಿದೆ, ನಮ್ಮ ಡಮರುಗದ ಹಾಗೆ ನಡು ಸಣ್ಣ. ಬಗಲಲ್ಲಿಟ್ಟು ಹಗ್ಗ ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಾಯಿ ತೆರೆಯದೆ ಡೋಲೇ ಹೊಗಳಿಬಿಡುತ್ತದೆ. ಯಾರು ಬಂದರು ಅಂತ ಗೋಡೆಯಾಚೆ ಕೂತವರಿಗೂ ಗೊತ್ತಾಗುತ್ತದೆ.

ಮರೋಕಿಗೆ ಕನ್ನಡದಲ್ಲಿ ಏನು? ‘ಹೊಗಳುಭಟ’ ಅಂತ ಬರೆದು ಹೊಡೆದುಹಾಕಿದೆ. ಒಂದು ಕಾಲಕ್ಕೆ ಅದು ಕಸುಬಿನ ಹೆಸರು. ಈಗ ಪೂರ್ತಿ ಬೈಗುಳ. ಪೇಪರಿನಲ್ಲಿ ಯಾರನ್ನಾದರೂ ಹೊಗಳುಭಟ ಅಂದರೆ ಮಾರನೇ ದಿನ ಜಗಳ. ಆದರೆ ತಮಾಷೆ ಅಂದರೆ ಮರೋಕಿಯೂ ಅಷ್ಟೇನೂ ಮರ್ಯಾದೆಯ ಪದ ಅಲ್ಲ. ಅದು ‘ರೋಕೊ’ ಎಂಬ ಪದದಿಂದ ಬಂದದ್ದು. ರೋಕೊ ಎಂದರೆ ಬೇಡುವುದು. ಅಂದರೆ ಮರೋಕಿ ‘ಬೇಡುವವನು’. ಅದಕ್ಕೇ ಹೆಸರು ಮಾಡಿದ ಹಾಡುಗಾರರನ್ನು ಜಾಸ್ತಿ ‘ಮವಾಕಿ’ ಅಂತಲೇ ಕರೆಯುವುದು. ಅದಕ್ಕೆ ‘ಹಾಡುಗಾರ’ ಅಂತಷ್ಟೇ ಅರ್ಥ. ನಮ್ಮ ಉತ್ತರ ಕರ್ನಾಟಕದ ಹೆಳವರು ನೆನಪಾಗುತ್ತಾರೆ. ಎತ್ತಿನ ಮೇಲೆ ಕೂತು ಬಂದು ಮನೆತನದ ವಂಶಾವಳಿ ಹೇಳಿ ದವಸ ತೆಗೆದುಕೊಂಡು ಹೋಗುವವರು. ಆದರೆ ಅದು ಜನಾಂಗದ ಹೆಸರು, ಎತ್ತಿ ಇಲ್ಲಿಗೆ ತರುವ ಹಾಗಿಲ್ಲ. ‘ವಂದಿಮಾಗಧ’ ಯಾರಿಗೂ ಅರ್ಥ ಆಗಲ್ಲ. ‘ಪರಾಕಿನವನು’ ಅಂದರೆ ಹೇಗೆ?

‘ಪರಾಕು’ ಯಾಕೆ ಹೊಳೆಯಿತು ಅಂದರೆ, ಅದರಲ್ಲಿ ಹೊಗಳಿಕೆಯೂ ಇದೆ, ‘ಹುಷಾರು, ಗಮನ ಇರಲಿ’ ಎಂಬ ಎಚ್ಚರಿಕೆಯೂ ಇದೆ. ಕಾನೊದ ಅರಮನೆಯಲ್ಲೂ ಹೀಗೇ. ಕೆಂಪು ಹಸಿರು ನಿಲುವಂಗಿಯ ಕಾವಲಿನವರು, ಅವರಿಗೆ ದೋಗರಾಯ್ ಅಂತಾರೆ, ಅಮೀರರ, ಅಂದರೆ ಅಲ್ಲಿನ ದೊರೆಯ, ಜೊತೆಗೇ ಇರುತ್ತಾರೆ. ‘ಗ್ಯಾರಾ ಕಿಂತ್ಸಿ’ ಅಂತ ಕೂಗುತ್ತಾರೆ. ‘ಸರಿಮಾಡಿಕೊಳ್ಳಿ, ಅಚ್ಚುಕಟ್ಟಾಗಿರಲಿ’ ಅಂತ ಅದರ ಭಾವ. ಬೆನ್ನಿಗೇ ‘ಜ಼ಾಕಿ!’ ಮೈಸೂರು ಅರಮನೆಯ ಬಹುಪರಾಕ್ ಕೇಳಿದವರಿಗೆ ಇದು ಹೊಸದು ಅನ್ನಿಸಲ್ಲ. ಅಂದಹಾಗೆ ಅಲ್ಲಿನ ಕುದುರೆ ಮೆರವಣಿಗೆಗೆ ಹೊರಗಿನವರು ‘ದರ್ಬಾರ್’ ಅಂತಾರೆ. ಕಾನೊದ ದರ್ಬಾರ್ 2024ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆ ಪದ ಬ್ರಿಟಿಷರು ನಮ್ಮ ಕಡೆಯಿಂದ ಅಲ್ಲಿಗೆ ಹೊತ್ತುಕೊಂಡು ಹೋದದ್ದು. ಊರವರ ಸ್ವಂತ ಹೆಸರು ‘ಹವನ್ ಸಲ್ಲಾ’, ಹಬ್ಬದ ಸವಾರಿ ಅಂತ. ನಮ್ಮ ಜಂಬೂಸವಾರಿಯ ಸವಾರಿ.

ಕಿರಾರಿಗೆ ‘ಬಿರುದು’ ಸಾಕಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಿರುದನ್ನು ಯಾರೋ ಕೊಡಬೇಕು. ಕಿರಾರಿಯನ್ನು ತಾನೇ ತನಗೆ ಹೇಳಿಕೊಳ್ಳಬಹುದು. ದಂಬೆ ಅಂತ ಅಲ್ಲಿನ ಮುಷ್ಟಿಕಾಳಗ ಇದೆ, ಮೊದಲಿಗೆ ಕಟುಕರ ಪಂಗಡದ ಆಟ. ಕುಸ್ತಿಗೆ ಕೊಕವಾ. ಅಖಾಡಕ್ಕೆ ಇಳಿಯುವವನು ತಾನೇ ಕಿರಾರಿ ಹೊಡೆಯುತ್ತಾನೆ, ನಮ್ಮ ಯಕ್ಷಗಾನದ ವೀರ ತನ್ನ ಪೌರುಷ ಹೇಳಿಕೊಳ್ಳುವ ಹಾಗೆ. ಅದನ್ನು ‘ಬಡಾಯಿ’ ಅಂದರೆ ಅನ್ಯಾಯ. ಮತ್ತೆ, ಬಿರುದು ದೊಡ್ಡವರಿಗೆ ಮಾತ್ರ. ಕಿರಾರಿ ಊರಿಗಿದೆ, ಕಸುಬಿಗಿದೆ, ಹೆಸರಿಗಿದೆ. ಅಲಿ ಎಂಬ ಹೆಸರಿನ ಯಾವ ಹುಡುಗನಿಗೂ ‘ಯುದ್ಧದ ಮೊಳೆ’ ಅನ್ನಬಹುದು. ಕಾಡಿನ ನರಿಗೂ ಒಂದಿದೆ: ‘ದಿಲಾ ಮಾಲಮಿನ್ ದಾಜಿ’, ಕಾಡಿನ ಮೇಷ್ಟ್ರು. ಮಾಲಂ ಅಂದರೆ ಓದು ಕಲಿಸುವವನು. ಮಾವನನ್ನೂ ಶಾಲೆಯಲ್ಲಿ ಮಾಲಂ ಅಂತಲೇ ಕರೆಯುತ್ತಿದ್ದರಂತೆ. ‘ನನಗೂ ನರಿಗೂ ಒಂದೇ ಹುದ್ದೆ’ ಅಂತ ನಗುತ್ತಾರೆ. ನಮ್ಮಲ್ಲಿ ‘ನರಿಬುದ್ಧಿ’ ಬೈಗುಳ. ಅಲ್ಲಿ ಅದಕ್ಕೆ ಕಲಿತವನ ಗೌರವ, ಸ್ವಲ್ಪ ಕೊಂಕೂ ಸೇರಿಕೊಂಡಿದೆ.

ಇನ್ನು ಆನೆಗೆ ಬರುತ್ತೇನೆ. ಇಲ್ಲೇ ನಾನು ಜಾಸ್ತಿ ಎಡವಿದ್ದು.

ಕಾನೊ ನಗರಕ್ಕೇ ಒಂದು ಕಿರಾರಿ ಇದೆ. ‘ಕಾನೊ, ತುಂಬಿನ್ ಗೀವಾ.’ ತುಂಬಿ ಅಂದರೆ ಹೊಟ್ಟೆ, ಗೀವಾ ಅಂದರೆ ಆನೆ. ನಾನು ‘ದೊಡ್ಡ ಹೊಟ್ಟೆಯ ಆನೆ’ ಅಂತ ಬರೆದು ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಕೆಮ್ಮುವಷ್ಟು ನಕ್ಕರು. ಹೌಸಾದಲ್ಲಿ ಕ್ರಮ ನಮ್ಮದಕ್ಕೆ ಉಲ್ಟಾ. ‘ತುಂಬಿನ್’ನ ಕೊನೆಯ ‘ನ್’ ಮುಂದಿನ ಪದದ ಒಡೆತನ ಹೇಳುತ್ತದೆ. ಅಂದರೆ ‘ಆನೆಯ ಹೊಟ್ಟೆ’. ಪೂರ್ತಿ ಮಾತು ಹೀಗೆ: ಕಾನೊ ಆನೆಯ ಹೊಟ್ಟೆ, ನೀನು ಏನನ್ನೇ ಹೊತ್ತು ತಾ, ನಿನ್ನನ್ನು ಮೀರಿಸಿದ್ದು ಅಲ್ಲಿ ಆಗಲೇ ಇದೆ. 15ನೇ ಶತಮಾನದಲ್ಲಿ ಮುಹಮ್ಮದ್ ರುಂಫಾ ಎಂಬ ದೊರೆಯ ಕಾಲದಿಂದ ನಡೆದು ಬಂದ ಕುರ್ಮಿ ಮಾರುಕಟ್ಟೆ, ಕೋಫರ್ ಮಾತಾ ಬಾಗಿಲ ಹತ್ತಿರ ಬಟ್ಟೆಗೆ ನೀಲಿ ಬಣ್ಣ ಹಾಕುವ ಗುಂಡಿಗಳು, ತೊಗಲು, ಸಹಾರಾ ದಾಟಿ ಬರುತ್ತಿದ್ದ ಉಪ್ಪು, ಆಮೇಲೆ ಗುಡ್ಡದ ಹಾಗೆ ಒಟ್ಟಿದ ಕಡಲೆಕಾಯಿ ಮೂಟೆ. ಎಷ್ಟು ತಂದರೂ ಒಳಗೆ ಜಾಗ ಇದೆ.

ಸರಿ, ‘ಆನೆಯ ಹೊಟ್ಟೆ’ ಅಂತಲೇ ಹಾಕೋಣ ಅಂದರೆ ಅಡ್ಡ ಬರುವುದು ನಮ್ಮ ಗಾದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕನ್ನಡದಲ್ಲಿ ಆನೆಯ ಹೊಟ್ಟೆ ಅಂದ ತಕ್ಷಣ ಎಷ್ಟು ಹಾಕಿದರೂ ತುಂಬದ ಹಸಿವು ನೆನಪಾಗುತ್ತದೆ. ಅಲ್ಲಿ ಅದು ಸಮೃದ್ಧಿ. ಇಲ್ಲಿ ಅದು ಕೊರತೆ. ಅದೇ ಆನೆ, ಅದೇ ಹೊಟ್ಟೆ, ಅರ್ಥ ತಲೆಕೆಳಗು. ‘ಆನೆಯ ಒಡಲು’ ಅಂದರೆ ಸ್ವಲ್ಪ ಸರಿಹೋಗುತ್ತದೆ, ‘ಕಡಲ ಒಡಲು’ ‘ಭೂಮಿಯ ಒಡಲು’ ಅನ್ನುವಲ್ಲಿ ಒಳಗಿಟ್ಟುಕೊಳ್ಳುವ ಭಾವ ಇದೆ. ಆದರೆ ತುಂಬಿ ಎಂಬುದು ಕಾವ್ಯದ ಪದ ಅಲ್ಲ. ಆಡಿನ ಹೊಟ್ಟೆ ಸೀಳಿದಾಗ ಸಿಗುವ ಜಠರಕ್ಕೂ, ಮನುಷ್ಯನ ಡೊಳ್ಳುಹೊಟ್ಟೆಗೂ ಅದೇ ಮಾತು. ಬೀದಿಯ ಪದವನ್ನು ಒಡಲು ಅಂತ ನಯ ಮಾಡಿದರೆ ಕಾನೊದ ವ್ಯಾಪಾರಿ ಒಪ್ಪುತ್ತಾನಾ? ನಾನು ಸದ್ಯಕ್ಕೆ ‘ಆನೆಯ ಒಡಲು’ ಅಂತ ಇಟ್ಟಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಇನ್ನೂ ಒಳ್ಳೆಯದು ಇದ್ದರೆ ಕೊಡಿ.

ಅಮೀರರನ್ನು ಹೊಗಳುವಾಗ ಬರೀ ಗೀವಾ ಸಾಲದು. ‘ತೋರೊನ್ ಗೀವಾ’ ಅನ್ನುತ್ತಾರೆ. ಗೀವಾ ವ್ಯಾಕರಣದಲ್ಲಿ ಹೆಣ್ಣು. ‘ಆನೆ ಬಂದಳು’ ಅಂದಹಾಗೆ. ಅದಕ್ಕೆ ‘ತೋರೊ’, ಅಂದರೆ ಆನೆಯಂಥ ದೊಡ್ಡ ಪ್ರಾಣಿಯ ಗಂಡು, ಸೇರಿಸಬೇಕು. ಇಲ್ಲಿ ಮಾತ್ರ ಕನ್ನಡ ನನ್ನ ಕೈಬಿಡಲಿಲ್ಲ. ‘ಸಲಗ’! ಗಂಡಾನೆ ಅಂದರೆ ಬರೀ ವಿವರ, ಸಲಗ ಅಂದರೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ. ಕೊಡಗು, ಹಾಸನ ಕಡೆಯ ಸುದ್ದಿಯಲ್ಲಿ ‘ಒಂಟಿಸಲಗ’ ದಿನಾ ಬರುತ್ತದೆ, ಪದ ಜೀವಂತ ಇದೆ. ಆದರೆ ಅದೇ ಸುದ್ದಿಯಿಂದಾಗಿ ಸಲಗಕ್ಕೆ ಬೆಳೆ ತುಳಿದ, ಗೇಟು ಮುರಿದ ವಾಸನೆಯೂ ಅಂಟಿದೆ. ಮರೋಕಿ ಹೇಳುವ ತೋರೊ ಜನರ ಮುಂದೆ ನಡೆಯುವ ದೊರೆ, ಹಿಂಡು ಬಿಟ್ಟವನಲ್ಲ. ಬರೀ ಸಲಗ ಇರಲಿ, ಒಂಟಿ ಬೇಡ.

ತುಂಬಿ, ತೋರೊ ಅಂತ ಓದಿದಾಗ ಬಳಗದಲ್ಲಿ ಕೆಲವರ ಕಿವಿ ನಿಮಿರಿರುತ್ತದೆ. ತುಂಬಿದ್ದು ಹೊಟ್ಟೆ, ತೋರ ಎಂದರೆ ದಪ್ಪ, ನೋಡಿದಿರಾ ನಂಟು ಅಂತ. ಕೈ ಮುಗಿಯುತ್ತೇನೆ, ಶುರು ಮಾಡಬೇಡಿ. ಸುಮ್ನೆ ಕಾಕತಾಳೀಯ. ಇನ್ನೂ ಒಂದು ಇದೆ, ಮುಂದೆ ಹೇಳುತ್ತೇನೆ, ಅದಕ್ಕೂ ಇದೇ ಮಾತು.

ಕ್ರಿಯಾಪದದ ಒಂದು ತೊಡಕು. ಕನ್ನಡದಲ್ಲಿ ಪ್ರಾಣಿ ‘ಬಂತು’. ಮನುಷ್ಯನಿಗೆ ಪ್ರಾಣಿಯ ಹೆಸರಿಟ್ಟಾಗ ‘ಹುಲಿ ಬಂದ ನೋಡ್ರೋ’ ಅನ್ನುತ್ತೇವೆ, ಗೆಳೆಯರ ನಡುವೆ. ದೊರೆಗೆ? ‘ಸಲಗ ಬಂದರು’ ಅಂದರೆ ಸಲಗದ ಮಾನ ಹೋಗುತ್ತದೆ. ‘ಸಲಗ ಬಂತು’ ಅಂದರೆ ದೊರೆಯ ಮಾನ ಹೋಗುತ್ತದೆ. ನಾನು ಕ್ರಿಯಾಪದವನ್ನೇ ಹಾರಿಸಿ ‘ಬರವು ಸಲಗದ್ದು’ ‘ಅಗೋ ಸಲಗ’ ಅಂತೆಲ್ಲ ಮಾಡಿ ತಪ್ಪಿಸಿಕೊಂಡಿದ್ದೇನೆ. ಲಾವಣಿ, ಕೋಲಾಟದ ಪದ ಬಲ್ಲವರು ಇದಕ್ಕೆ ದಾರಿ ಹೇಳಿ.

ಹೆಂಗಸರಿಗೆ ‘ಗೀವರ್ ಮಾತಾ’. ಹೆಣ್ಣುಪದದ ನಂಟಿಗೆ ಅಲ್ಲಿ ‘ನ್’ ಬದಲು ‘ರ್’. ಹೆಂಗಸರಲ್ಲಿ ಆನೆ. ದೊಡ್ಡ ಮನೆತನದ, ಕೈ ಬಿಚ್ಚಿ ಕೊಡುವ, ಮಾತಿಗೆ ತೂಕ ಇರುವ ಹೆಣ್ಣುಮಗಳಿಗೆ ಹೇಳುವ ಮಾತು. ಇದನ್ನು ಹಾಗೇ ಕನ್ನಡಕ್ಕೆ ತಂದರೆ ಮದುವೆ ಮನೆಯಲ್ಲಿ ಏಟು ಬೀಳುತ್ತದೆ. ಹಳೆಯ ಕಾವ್ಯದಲ್ಲಿ ‘ಗಜಗಮನೆ’ ಹೊಗಳಿಕೆ ನಿಜ, ಆದರೆ ಅದು ನಡಿಗೆಯ ಅಂದಕ್ಕೆ. ಇವರು ಹೇಳುತ್ತಿರುವುದು ಅಂತಸ್ತಿಗೆ. ‘ಆನೆಬಲದ ತಾಯಿ’ ಅಂತ ತಂಗಿ ಸೂಚಿಸಿದಳು. ಪರವಾಗಿಲ್ಲ ಅನ್ನಿಸಿತು. ಆನೆ ಉಳಿಯಿತು, ಮೈ ಹೋಯಿತು.

ಈಗ ನನ್ನ ಮುಖ್ಯ ಪ್ರಶ್ನೆ. ನೋಟ್‌ಬುಕ್ಕಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಕಿರಾರಿ ಇದು: ‘ದಮಿಸಾ ಕಿ ಸಾಬೊ.’

ದಮಿಸಾ ಅಂದರೆ ಚಿರತೆ. ಮಾವ ‘ಹುಲಿ’ ಅಂತ ಬರೆದಿದ್ದಾರೆ. ‘ಮಾವ, ಆಫ್ರಿಕಾದ ಕಾಡಲ್ಲಿ ಹುಲಿ ಇಲ್ಲ’ ಅಂದೆ. ‘ಗೊತ್ತಪ್ಪಾ, ಆದ್ರೆ ಚಿರತೆ ಅಂದ್ರೆ ನಮ್ಮೋರಿಗೆ ನಾಯಿ ಕದಿಯೋದು, ಬೋನಿಗೆ ಬೀಳೋದು. ಹುಲಿ ಅಂದ್ರೇನೇ ಹೊಗಳಿಕೆ’ ಅಂದರು. ಅವರ ಮಾತಲ್ಲಿ ತೂಕ ಇದೆ. ನಮ್ಮ ಊರುಗಳಲ್ಲಿ ಜೀವ ಇರುವ ಹೊಗಳಿಕೆ ಹುಲಿಯದ್ದೇ. ‘ಹುಲಿ ಕಣಯ್ಯಾ ಅವನು’ ಅನ್ನುತ್ತೇವೆ. ಸಿಂಹ ನಮಗೆ ಕಲ್ಲಿನದು, ದೇವಸ್ಥಾನದ್ದು, ಬಾವುಟದ್ದು. ಪಂಪನಿಗೆ ಆಸರೆ ಕೊಟ್ಟ ದೊರೆ ಅರಿಕೇಸರಿ, ಶತ್ರುಗಳಿಗೆ ಸಿಂಹ. ಇವತ್ತು ಕೇಸರಿ ಅಂದರೆ ಬಣ್ಣ, ಇಲ್ಲಾ ಹಾಲಿಗೆ ಹಾಕುವುದು. ಹೀಗಿದ್ದರೂ ಜ಼ಾಕಿಯನ್ನು ಸಿಂಹ ಅಂತಲೇ, ದಮಿಸಾವನ್ನು ಚಿರತೆ ಅಂತಲೇ ಇಡಬೇಕು ಎಂಬುದು ನನ್ನ ಹಟ. ಪ್ರಾಣಿ ಬದಲಿಸಿದರೆ ಊರೇ ಬದಲಾಗುತ್ತದೆ. ಕಾನೊದ ಅಮೀರ ನಾಗರಹೊಳೆಗೆ ಬಂದುಬಿಡುತ್ತಾರೆ.

ಅದಕ್ಕಿಂತ ಮುಖ್ಯ, ಇಲ್ಲಿ ಹೊಗಳಿಕೆ ಇರುವುದು ಪ್ರಾಣಿಯಲ್ಲಿ ಅಲ್ಲವೇ ಅಲ್ಲ. ನೋಟ್‌ಬುಕ್ ಪೂರ್ತಿ ಓದಿದ ಮೇಲೆ ಹೊಳೆದದ್ದು ಇದು. ಜ಼ಾಕಿಯಂಥ ಕೆಲವನ್ನು ಬಿಟ್ಟರೆ, ಹೌಸಾದಲ್ಲಿ ಪ್ರಾಣಿಯ ಹೆಸರು ಹೆಚ್ಚಾಗಿ ಬರೀ ಗೂಟ. ಹೊಗಳಿಕೆ ಅದಕ್ಕೆ ಕಟ್ಟಿದ ಸಣ್ಣ ಪದದಲ್ಲಿದೆ. ಆನೆಗೆ ‘ತೋರೊ’ ಕಟ್ಟಿದರೆ ದೊರೆ, ‘ತುಂಬಿ’ ಕಟ್ಟಿದರೆ ಊರು, ‘ಮಾತಾ’ ಕಟ್ಟಿದರೆ ದೊಡ್ಡಮನೆಯ ಹೆಣ್ಣು. ಏನೂ ಕಟ್ಟದೆ ಬಿಟ್ಟರೆ ಆನೆಯೂ ಸಣ್ಣದಾಗುತ್ತದೆ. ‘ಬೇರೆಯವರ ಊರಲ್ಲಿ ಆನೆಯೂ ಮೊಲ’ ಅಂತ ಅವರಲ್ಲೇ ಗಾದೆ ಇದೆ. ಹಾಗಾಗಿ ಚಿರತೆಯಾ ಹುಲಿಯಾ ಅಂತ ಜಗಳವಾಡುವ ಬದಲು ‘ಕಿ ಸಾಬೊ’ಗೆ ತಲೆ ಕೆಡಿಸಿಕೊಳ್ಳಬೇ‌ಕು.

‘ಸಾಬೊ’ ಅಂದರೆ ಒಡನಾಡಿ ಒಡನಾಡಿ ಒಗ್ಗಿಹೋಗುವುದು. ‘ಸಾಬೊ ದಡ್ಡನ ಗೂಟ’ ಅಂತ ಒಂದು ಗಾದೆ ಇದೆ: ‘ಸಾಬೊ ತುರ್ಕೆನ್ ವಾವಾ’. ರೂಢಿಯಾದದ್ದಕ್ಕೆ, ಪರಿಚಯಕ್ಕೆ ದಡ್ಡ ಕಟ್ಟುಬೀಳುತ್ತಾನೆ ಅಂತ. ‘ಕಿ’ ಅಂದರೆ ಬೇಡ ಅನ್ನುವುದು, ಒಪ್ಪದಿರುವುದು. ಇದು ಗಂಟಲ ಕ. ಒಟ್ಟಿನಲ್ಲಿ, ಎಷ್ಟೇ ದಿನ ಹತ್ತಿರ ಇದ್ದರೂ ಮೈದಡವಲು ಬಿಡದ ಚಿರತೆ.

‘ಪಳಗದ ಚಿರತೆ’ ಅಂತ ಮೊದಲು ಹಾಕಿದ್ದೆ. ಓದಲು ಚೆನ್ನಾಗಿದೆ. ಆದರೆ ಪಳಗದ ಅಂದರೆ ಪಳಗಿಸುವವನ ಸೋಲು. ಇನ್ನೊಬ್ಬ ಗಟ್ಟಿಗ ಬಂದರೆ ಪಳಗಬಹುದೋ ಏನೋ. ‘ಕಿ’ಯಲ್ಲಿ ಚಿರತೆಯದೇ ಮನಸ್ಸಿದೆ. ಅದು ಒಲ್ಲೆ ಅನ್ನುತ್ತಿದೆ. ಆ ಪದ ಬಾಯಿಗೆ ಬಂದ ಕ್ಷಣ ನನಗೆ ಕನ್ನಡದ ಬಗ್ಗೆ ಹೆಮ್ಮೆಯೇ ಆಯಿತು. ‘ಒಲ್ಲೆ’! ಬೇಡ ಅನ್ನುವುದಕ್ಕೇ ಒಂದು ಪೂರ್ತಿ ಕ್ರಿಯಾಪದ. ‘ಸಲಿಗೆ ಒಲ್ಲದ ಚಿರತೆ.’ ಸಾಬೊಗೆ ಸಲಿಗೆ, ಕಿ-ಗೆ ಒಲ್ಲದ. ಮೂರು ಪದಕ್ಕೆ ಮೂರು ಪದ.

ತಕರಾರು ಎರಡಿವೆ. ಸಲಿಗೆ ಅಂದರೆ ಸ್ವಲ್ಪ ಮುದ್ದು, ಪ್ರೀತಿ ಸೇರಿದೆ. ಮೊಮ್ಮಗನಿಗೆ ಸಲಿಗೆ. ಹಳೇ ಮೈಸೂರು ಕಡೆ ‘ಸದರ’ ಅಂತ ಇದೆ. ‘ಜಾಸ್ತಿ ಸದರ ಕೊಡಬೇಡ, ತಲೆ ಮೇಲೆ ಕೂರ್ತಾನೆ.’ ಅದರಲ್ಲಿ ಮುದ್ದು ಕಮ್ಮಿ, ಎಲ್ಲೆ ಮೀರುವುದು ಜಾಸ್ತಿ. ‘ಸದರ ಕೊಡದ ಚಿರತೆ’ ಅಂದರೆ ಇನ್ನೂ ಖಾರ. ಆದರೆ ಧಾರವಾಡದ ಕಡೆಯವರಿಗೆ ಸದರ ಎಷ್ಟು ತಟ್ಟುತ್ತದೆ? ಹಾಗೇ ‘ಒಲ್ಲೆ’ ಧಾರವಾಡದಲ್ಲಿ ದಿನನಿತ್ಯದ ಮಾತು, ನಮ್ಮ ಮಂಡ್ಯದ ಕಡೆ ಈಗ ಅಜ್ಜಿಯರ ಬಾಯಲ್ಲಿ ಮಾತ್ರ. ಒಂದು ಪದ ಅಲ್ಲಿಯದು, ಒಂದು ಪದ ಇಲ್ಲಿಯದು ಸೇರಿಸಿದರೆ ಕೇಳುವವರಿಗೆ ಕಲಬೆರಕೆ ಅನ್ನಿಸುತ್ತದಾ? ದಯವಿಟ್ಟು ನಿಮ್ಮ ನಿಮ್ಮ ಊರಿನ ಕಿವಿಯಿಂದ ಹೇಳಿ.

ಇನ್ನೆರಡು ಪ್ರಾಣಿ ಬೇಗ ಮುಗಿಸುತ್ತೇನೆ. ‘ಬಜಿಮಿ’ ಅಂದರೆ ದೊಡ್ಡ ಗಾತ್ರದ ಬೀಜದ ಹೋರಿ, ಗಟ್ಟಿ ಆಳಿಗೂ ಅದೇ ಮಾತು. ‘ಎತ್ತು’ ಅಂದರೆ ಕತೆ ಮುಗೀತು, ಅದು ಬೀಜ ಒಡೆಸಿದ್ದು. ‘ಗೂಳಿ’ ಹಿಡಿತ ಇಲ್ಲದ್ದು. ‘ಹೋರಿ’ಯೇ ಸರಿ. ಹಾವೇರಿ ಕಡೆ ಹೋರಿಗಳಿಗೆ ಹೆಸರು, ಕೂಗು, ಅಭಿಮಾನಿಗಳು ಎಲ್ಲಾ ಇದ್ದಾರೆ, ಆ ಪದದಲ್ಲಿ ಅಖಾಡದ ಬಿಸಿ ಇನ್ನೂ ಆರಿಲ್ಲ. ಕುದುರೆಗೆ ‘ಇಂಗರ್ಮಾ’, ಎತ್ತರದ ಗಂಡುಕುದುರೆ. ಇದಕ್ಕೆ ನಮ್ಮಲ್ಲಿ ಒಂದೇ ಪದ ಸಿಗಲಿಲ್ಲ.

ಹಾವಿನದ್ದು ಕಿರಾರಿ ಅಲ್ಲ, ಕತೆ. ದೌರಾ ಊರಿನ ಕುಸುಗು ಎಂಬ ಬಾವಿಯಲ್ಲಿ ಒಂದು ಹಾವು ಕೂತು ನೀರು ಕೊಡುತ್ತಿರಲಿಲ್ಲ. ಅದರ ಹೆಸರೇ ಸರ್ಕಿ, ಅಂದರೆ ದೊರೆ. ಪರಊರಿಂದ ಬಂದ ಬಯಾಜಿದ್ದಾ ಅದನ್ನು ಕೊಂದು ರಾಣಿಯ ಕೈಹಿಡಿದ. ಅವನಿಗೆ ‘ಮಕಸ್ ಸರ್ಕಿ’, ಸರ್ಕಿಯನ್ನು ಕೊಂದವನು, ಎಂಬ ಹೆಸರು ಬಂತು. ಹೌಸಾ ಊರುಗಳೆಲ್ಲ ಅವನ ವಂಶದವು ಅಂತ ಕತೆ. ‘ಪೊಯ್ ಸಳ’ ಓದಿ ಬೆಳೆದ ನಮಗೆ ಇದು ಅರ್ಥ ಮಾಡಿಸಬೇಕಾಗಿಲ್ಲ. ಪ್ರಾಣಿ ಆಗುವುದಲ್ಲ, ಪ್ರಾಣಿಯನ್ನು ಹೊಡೆದು ಹೆಸರು ಪಡೆಯುವುದು. ವಿಜಯನಗರದ ಇಮ್ಮಡಿ ದೇವರಾಯನ ‘ಗಜಬೇಟೆಕಾರ’ವೂ ಅದೇ ಜಾಡು.

ಹೊಗಳಿಕೆಯ ಇನ್ನೊಂದು ಮಗ್ಗುಲು ‘ಜ಼ಾಂಬೊ’. ಕುಟುಕುವ ಹಾಡು. ದಣಿಯನ್ನು ಹೊಗಳುವಾಗಲೇ ದಣಿಯ ಎದುರಾಳಿಗೆ ಒಂದು ಏಟು ಹಾಕುವುದು, ಹೆಸರು ಹೇಳದೆ. ಇಲ್ಲಿ ಬರುವ ಪ್ರಾಣಿಗಳು ಬೇರೆ. ಕತ್ತೆ, ಕೋತಿ, ರಣಹದ್ದು, ಮತ್ತೆ ‘ಕೂರಾ’, ಅಂದರೆ ಕತ್ತೆಕಿರುಬ. ‘ಗಿನಿಕೋಳಿಯ ತಲೆ ಹೊತ್ತ ರಣಹದ್ದು’ ಅಂತ ಒಂದು ಮಾತಿದೆ, ‘ಉಂಗುಲು ದ ಕನ್ ಜ಼ಾಬೊ’. ಗೋಮುಖವ್ಯಾಘ್ರ ಅಂತ ಮಾಡಿದರೆ ಸಲೀಸು. ಆದರೆ ಗಿನಿಕೋಳಿ ಕಳೆದುಹೋಗುತ್ತದೆ, ನಾನು ಬಿಡಲ್ಲ.

ಕೂರಾದ್ದೇ ಕಷ್ಟ. ಕಾನೊ ಬೀದಿಯಲ್ಲಿ ಕತ್ತೆಕಿರುಬಕ್ಕೆ ಸರಪಳಿ ಹಾಕಿ, ಬಾಯಿಗೆ ಕುಕ್ಕೆ ಕಟ್ಟಿ, ಡೋಲು ಬಡಿದು ಆಡಿಸುವವರು ಇರುತ್ತಿದ್ದರು. ನಮ್ಮಲ್ಲಿ ಕರಡಿ ಆಡಿಸುತ್ತಿದ್ದ ಹಾಗೆ. ಅದರಿಂದ ಬಂದ ಗಾದೆ: ಏಟು ತಿನ್ನೋದು ಕತ್ತೆಕಿರುಬ, ದುಡ್ಡು ತಗೊಳ್ಳೋದು ಗರ್ದಿ. ಗರ್ದಿ ಅಂದರೆ ಆಡಿಸುವವನು. ಇದೇ ನಾನು ಹೇಳಿದ ಮೂರನೇ ಕಾಕತಾಳೀಯ, ಗಾರುಡಿಗನನ್ನು ಎಳೆದು ತರಬೇಡಿ. ನನ್ನ ತೊಂದರೆ ಕತ್ತೆಕಿರುಬ ಎಂಬ ಪದದ್ದು. ಐದಕ್ಷರ, ಹಾಡಿನ ಸಾಲಿಗೆ ಕೂರಲ್ಲ. ‘ಕಿರುಬ’ ಅಂತ ಮೊಟಕು ಮಾಡಿದರೆ ಕೆಲವು ಕಡೆ ಅದು ಚಿರತೆಯೇ. ಆಗ ಹೊಗಳಿಸಿಕೊಂಡ ಚಿರತೆ, ಬೈಸಿಕೊಂಡ ಕಿರುಬ ಎರಡೂ ಒಂದಾಗಿ ನನ್ನ ಪುಸ್ತಿಕೆ ಕೆಡುತ್ತದೆ. ನಿಮ್ಮೂರಲ್ಲಿ ಕಿರುಬ ಅಂದರೆ ಯಾವುದು? ಜಿಲ್ಲೆಯ ಹೆಸರು ಹಾಕಿ ಉತ್ತರಿಸಿದರೆ ಒಂದು ಪಟ್ಟಿ ಮಾಡುತ್ತೇನೆ. ಕುಣಿಯೋದು ಒಂದು, ಕಾಸು ಇನ್ನೊಬ್ಬನಿಗೆ ಎಂಬರ್ಥದ ಗಾದೆ ನಮ್ಮಲ್ಲಿ ಇದ್ದರೆ ಅದನ್ನೂ ಬರೆಯಿರಿ.

ಕೊನೆಯದು ನಾಯಿ. ಕ್ಯಾಸೆಟ್ಟುಗಳಲ್ಲಿ ಜಾಸ್ತಿ ಇರುವುದು ಮಮ್ಮನ್ ಶಾತಾ. 1923ರಲ್ಲಿ ಕತ್ಸೀನಾ ಕಡೆಯ ಮುಸಾವಾದಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ, ಕಲಂಗು ಮೇಳದ ದೊಡ್ಡ ಹಾಡುಗಾರ. ಸೊಕೊಟೊ ಆಸ್ಥಾನದಲ್ಲಿ ಸುಲ್ತಾನ ಮೂರನೇ ಅಬೂಬಕರ್‌ಗಾಗಿ ಹಾಡುತ್ತಿದ್ದ ಸಾಲಿಹು ಜಂಕಿಡಿಯಂಥವರು ಒಬ್ಬನೇ ದಣಿಯ ಹಾಡುಗಾರರು. ಶಾತಾ ಹಾಗಲ್ಲ, ಯಾರಿಗೆ ಮನಸ್ಸು ಬಂತೋ ಅವರಿಗೆ ಹಾಡಿದ. ಆದರೆ ಮಾವನ ಮೆಚ್ಚಿನವನು ದನ್ ಮರಾಯಾ ಜೋಸ್. 1946ರಿಂದ 2015. ಹೆಸರಿನ ಅರ್ಥವೇ ಜೋಸ್ ಊರಿನ ತಬ್ಬಲಿ. ಸಾರ್ಡೀನ್ ಮೀನಿನ ಡಬ್ಬಿಗೆ ತೊಗಲು ಬಿಗಿದು ಮಾಡುವ ಒಂಟಿತಂತಿಯ ಕುಂತಿಗಿ ನುಡಿಸುತ್ತಿದ್ದ. ಅಮೀರರನ್ನು ಬಿಟ್ಟು ಅವನು ಹೊಗಳಿದ್ದು ‘ಕರೆನ್ ಮೋತಾ’ನನ್ನು. ಕರೆ ಅಂದರೆ ನಾಯಿ, ಮೋತಾ ಅಂದರೆ ಮೋಟಾರು. ಮೋಟಾರಿನ ನಾಯಿ. ಲಾರಿಯ ಕ್ಲೀನರ್ ಹುಡುಗ.

ಸಿಂಹ, ಸಲಗ ಅಂತ ಮೆರೆಯುವ ಈ ಹೊಗಳಿಕೆಯ ಲೋಕದಲ್ಲಿ ನಾಯಿ ಜ಼ಾಂಬೊದ ಪ್ರಾಣಿ. ಬೀದಿಯಲ್ಲಿ ಬೈಗುಳದ ಹಾಗೆ ಹುಟ್ಟಿದ ಹೆಸರನ್ನೇ ಇಟ್ಟುಕೊಂಡು ಅವನು ಪೂರ್ತಿ ಹೊಗಳಿಕೆ ಹಾಡಿದ. ಚಕ್ರಕ್ಕೆ ಅಡ್ಡ ಕೊಡುವವನು, ಎಣ್ಣೆ ಮೆತ್ತಿಕೊಳ್ಳುವವನು, ಸಂಬಳ ಇಲ್ಲದವನು. ಇದನ್ನು ‘ಕ್ಲೀನರ್’ ಅಂತ ಕನ್ನಡ ಮಾಡಿದರೆ ನಾಯಿ ಓಡಿಹೋಗುತ್ತದೆ. ‘ಲಾರಿ ನಾಯಿ’ ಅಂದರೆ ಹೊಗಳಿಕೆ ಓಡಿಹೋಗುತ್ತದೆ. ‘ನಾಯಿಪಾಡು’ ಎಂಬ ಪದ ಹತ್ತಿರ ಬಂದು ನಿಂತಿದೆ, ಆದರೆ ಅದು ಪಾಡು, ಆಳಲ್ಲ.

ಲಾರಿ ಲೈನಿನಲ್ಲಿ ಇದ್ದವರು, ಅವರ ಮನೆಯವರು ಬಳಗದಲ್ಲಿ ಯಾರಾದರೂ ಇದ್ದರೆ ಹೇಳಿ: ಹುಬ್ಬಳ್ಳಿ, ಚಳ್ಳಕೆರೆ, ಅರಸೀಕೆರೆ ಕಡೆ ಡ್ರೈವರುಗಳು ಕ್ಲೀನರ್ ಹುಡುಗನನ್ನು ಪ್ರೀತಿಯಿಂದಲೋ ಕೋಪದಿಂದಲೋ ಬೇರೆ ಏನಂತ ಕರೆಯುತ್ತಿದ್ದರು? ಮಾವನ ಹುಟ್ಟುಹಬ್ಬ ಮುಂದಿನ ತಿಂಗಳು 18ಕ್ಕೆ. ಅಚ್ಚಿನವರು ಹತ್ತು ದಿನ ಮೊದಲು ಕೊಡಿ ಅಂದಿದ್ದಾರೆ.